ಸುಂಕದವನ ಮುಖ, ಫೋನಿನ ದನಿ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆ ಕನ್ನಡ ನಾಡಿನ ಉದ್ದಗಲಕ್ಕೂ ಬಳಕೆಯಲ್ಲಿದೆ. ಕರಗದ ಮನಸ್ಸಿನವನ ಎದುರು ಗೋಳು ತೋಡಿಕೊಂಡು ಪ್ರಯೋಜನವಿಲ್ಲ ಎಂಬುದು ಅದರ ಅರ್ಥ. ಎತ್ತಿನ ಗಾಡಿಯವನು ಮಳೆ ಬಾರದ್ದನ್ನು, ಮಗಳ ಮದುವೆ ನಿಂತದ್ದನ್ನು ಹೇಳುತ್ತಲೇ ಇರುತ್ತಾನೆ. ಸುಂಕದವನು ಗಾಡಿಯಲ್ಲಿಯ ಚೀಲಗಳನ್ನು ಎಣಿಸುತ್ತಲೇ ಇರುತ್ತಾನೆ. ಆದರೆ ಈ ಗಾದೆಯಲ್ಲಿ ನಾವು ಗಮನಿಸದೆ ದಾಟಿಹೋಗುವ ಒಂದು ಶಬ್ದವಿದೆ. ಅದು ‘ಮುಂದೆ’. ಸುಂಕದವನು ನಿರ್ದಯಿ ಇರಬಹುದು, ಆದರೆ ಕಣ್ಣೆದುರಿಗೆ ಕುಳಿತಿದ್ದಾನೆ. ಅವನಿಗೊಂದು ಮುಖವಿದೆ, ಒಂದು ಕಟ್ಟೆಯಿದೆ.

ಬನಹಟ್ಟಿಯಲ್ಲಿ ನಾಲ್ಕು ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯಿಸುವ ನಮ್ಮ ಪರಿಚಯದ ಹಿರಿಯರೊಬ್ಬರಿಗೆ ಒಂದು ಮಧ್ಯಾಹ್ನ ಫೋನು ಬಂತು. ದಿಲ್ಲಿಯ ಆದಾಯ ತೆರಿಗೆ ಕಚೇರಿಯಿಂದ ಮಾತನಾಡುತ್ತಿರುವುದಾಗಿ ಹಿಂದಿಯಲ್ಲಿ ಒಂದು ದನಿ ಹೇಳಿತು. ಅವರ ಹೆಸರು, ತಂದೆಯ ಹೆಸರು, ಪ್ಯಾನ್ ಸಂಖ್ಯೆ ಎಲ್ಲವನ್ನೂ ತಪ್ಪಿಲ್ಲದೆ ಓದಿತು. ಆ ಪ್ಯಾನ್ ಮೇಲೆ ಬೇರೆ ರಾಜ್ಯದಲ್ಲಿ ಎರಡು ಕಂಪೆನಿಗಳು ನಡೆಯುತ್ತಿವೆ, ಲಕ್ಷಗಟ್ಟಲೆ ತೆರಿಗೆ ಬಾಕಿ ಇದೆ, ಸಂಜೆ ಐದರೊಳಗೆ ಸ್ವಲ್ಪವಾದರೂ ಕಟ್ಟದಿದ್ದರೆ ವಾರಂಟು ಹೊರಡುತ್ತದೆ, ಯಾರಿಗಾದರೂ ಹೇಳಿದರೆ ಅವರ ಮೇಲೂ ಮೊಕದ್ದಮೆ ಆಗುತ್ತದೆ ಎಂದಿತು. ಹಿರಿಯರು ನೂಲಿನ ವ್ಯಾಪಾರಿಗೆ ಕೊಡಲು ಇಟ್ಟಿದ್ದ 40 ಸಾವಿರ ರೂಪಾಯಿಯನ್ನು ಆ ದನಿ ಹೇಳಿದ ಖಾತೆಗೆ ಕಳಿಸಿದರು. ಎರಡು ದಿನ ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಅವರು ಓದು ಬರಹ ಬಾರದವರಲ್ಲ. ನೂಲಿನ ದರ ಕಿಲೋಗೆ ಎಂಟಾಣೆ ಏರುಪೇರಾದರೂ ಪತ್ತೆ ಹಚ್ಚುವವರು, ಮಾರವಾಡಿಯ ಲೆಕ್ಕದಲ್ಲಿ ತಪ್ಪು ಹಿಡಿಯುವವರು. ಅಂಥವರು ಮುಖ ಕಾಣದ ಒಂದು ದನಿಯನ್ನು ಹೇಗೆ ನಂಬಿದರು? ‘ದುರಾಸೆಯವರು ಮೋಸ ಹೋಗುತ್ತಾರೆ’ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಇಲ್ಲಿ ಆಸೆಯ ಮಾತೇ ಇರಲಿಲ್ಲ. ಇದ್ದದ್ದು ಭಯ. ಸರ್ಕಾರದ ಬಾಕಿ ಉಳಿಸಿಕೊಳ್ಳಬಾರದು ಎಂದು ಬದುಕಿದವರ ಭಯ ಅದು, ಅದಕ್ಕೆ ನಮ್ಮಲ್ಲಿ ದೀರ್ಘವಾದ ಇತಿಹಾಸವೇ ಇದೆ.

ಕಲ್ಲು, ಮುದ್ರೆ, ಪಾವತಿ

ಬನಹಟ್ಟಿಯಿಂದ ಕೂಗಳತೆಯ ದೂರ ಎನ್ನಬಹುದಾದ ತೇರದಾಳದಲ್ಲಿ ನೇಮಿನಾಥ ಬಸದಿ ಇದೆ. ಗೊಂಕನೆಂಬ ಮಾಂಡಲಿಕ ಅದನ್ನು 12ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ. ಅಲ್ಲಿಯ ಶಾಸನದಲ್ಲಿ ಅಯ್ಯಾವೊಳೆಯ ಐನೂರ್ವರು, ಅಂದರೆ ನಮ್ಮ ಇಂದಿನ ಐಹೊಳೆಯ ಹೆಸರು ಹೊತ್ತ ವರ್ತಕ ಸಂಘದವರು, ಕಾಣಿಸಿಕೊಳ್ಳುತ್ತಾರೆ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳನ್ನು ಓದಿದವರಿಗೆ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಪರಿಚಿತ. ಯಾವ ಸರಕಿನ ಮೇಲಿನ ಆದಾಯ ಯಾವ ದೇವರಿಗೆ ಸಲ್ಲಬೇಕು ಎಂಬುದನ್ನು ಕಲ್ಲಿನಲ್ಲಿ ಕಂಡರಿಸಿ ನಾಲ್ಕು ಜನ ಓಡಾಡುವ ಕಡೆ ನಿಲ್ಲಿಸುತ್ತಿದ್ದರು. ಕೊನೆಗೆ ಇದನ್ನು ಮೀರಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಎಂಬ ಶಾಪ ಬೇರೆ. ಅದನ್ನು ಓದಬಲ್ಲವರು ಊರಿಗೆ ನಾಲ್ಕು ಜನ ಇದ್ದರೋ ಇಲ್ಲವೋ. ಆದರೂ ತಗಾದೆ ಬಂದಾಗ ಎಲ್ಲರೂ ಹೋಗಿ ಮುಟ್ಟಿ ತೋರಿಸಬಹುದಾದ ಒಂದು ಆಧಾರ ಅಲ್ಲಿತ್ತು.

ಸುಂಕದವನೂ ಅಪರಿಚಿತನಲ್ಲ. ಬಸವಣ್ಣನವರ ಕಾಲದ ಶರಣರಲ್ಲಿ ಸುಂಕದ ಬಂಕಣ್ಣ ಎಂಬವರಿದ್ದರು. ಸುಂಕ ವಸೂಲಿಯೇ ಅವರ ಕಾಯಕ. ಅದರ ಪರಿಭಾಷೆಯನ್ನೇ ವಚನಗಳಲ್ಲಿ ಅಧ್ಯಾತ್ಮಕ್ಕೆ ತಿರುಗಿಸಿದರು. ಗಾದೆಯ ಸುಂಕದವನಿಗೂ ಈ ಶರಣನಿಗೂ ಎಷ್ಟು ದೂರ ನೋಡಿ.

ಹಾಗೆಂದ ಮಾತ್ರಕ್ಕೆ ಹಳೆಯ ಕಾಲದಲ್ಲಿ ಮೋಸ ಇರಲಿಲ್ಲವೆಂದಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ರಾಜನ ಹಣ ನುಂಗುವ 40 ವಿಧಾನಗಳನ್ನು ಎಣಿಸುತ್ತದೆ. ನೀರಲ್ಲಿರುವ ಮೀನು ಯಾವಾಗ ನೀರು ಕುಡಿಯುತ್ತದೆಂದು ಹೇಗೆ ತಿಳಿಯದೋ ಹಾಗೆಯೇ ಅಧಿಕಾರಿ ಹಣ ತಿನ್ನುವುದೂ ತಿಳಿಯದು ಎಂಬ ಅದರ ಹೋಲಿಕೆ ಪ್ರಸಿದ್ಧವಾದದ್ದು. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು ಸುಂಕದ ಕಟ್ಟೆಯ ನಿಯಮ. ಮುದ್ರೆ ಇಲ್ಲದ ಸರಕಿಗೆ ಎರಡು ಪಟ್ಟು ಸುಂಕ, ಖೊಟ್ಟಿ ಮುದ್ರೆ ಹೊತ್ತ ಸರಕಿಗೆ ಎಂಟು ಪಟ್ಟು. ಸುಂಕ ತಪ್ಪಿಸಿದ್ದಕ್ಕಿಂತ ಸರ್ಕಾರದ ಗುರುತನ್ನು ನಕಲು ಮಾಡಿದ್ದು ಘನವಾದ ಅಪರಾಧ ಎಂದು ಆಗಲೇ ಕಂಡುಕೊಂಡಿದ್ದರು.

ಈಗ ನಮ್ಮ ಸೀಮೆಯ ಇತ್ತೀಚಿನ ಇತಿಹಾಸಕ್ಕೆ ಬರೋಣ. ರಬಕವಿ–ಬನಹಟ್ಟಿ ಎಂದು ಒಂದೇ ಉಸಿರಿನಲ್ಲಿ ಹೇಳುವುದು ಇಂದಿನ ರೂಢಿ. ಆದರೆ 1948ರ ತನಕ ರಬಕವಿ, ತೇರದಾಳಗಳು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು, ಬನಹಟ್ಟಿ ಜಮಖಂಡಿಯ ಪಟವರ್ಧನರಿಗೆ. ಮಹಾಲಿಂಗಪುರ ಮುಧೋಳದ ಘೋರ್ಪಡೆಯವರದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಒಂದು ದಿನ ಸೈಕಲ್ ತುಳಿದರೆ ನಾಲ್ಕು ಸರ್ಕಾರಗಳನ್ನು ದಾಟಬಹುದಾಗಿತ್ತು! ಅರಸ ಬೇರೆ, ಕಚೇರಿ ಬೇರೆ, ಮುದ್ರೆ ಬೇರೆ. ಇಂಥ ಕಡೆ ಹಣ ಕೊಡುವವನು ‘ನೀನು ಯಾರ ಕಡೆಯವನಪ್ಪಾ’ ಎಂದು ಕೇಳುವುದು ಸಹಜವೇ ಆಗಿತ್ತು. ಉತ್ತರ ಸಿಗುತ್ತಿದ್ದುದು ಊರ ಚಾವಡಿಯಲ್ಲಿ. ಅಲ್ಲಿ ಗೌಡ, ಕುಲಕರ್ಣಿ, ವಾಲಿಕಾರ ಇರುತ್ತಿದ್ದರು. ಕುಲಕರ್ಣಿ ಲೆಕ್ಕದಲ್ಲಿ ಕೈಚಳಕ ತೋರಿಸಲಿಕ್ಕಿಲ್ಲವೆಂದು ಯಾರೂ ನಂಬಿರಲಿಲ್ಲ. ಆದರೆ ಆತ ಕುಲಕರ್ಣಿಯೇ ಹೌದು ಎಂಬುದರಲ್ಲಿ ಸಂಶಯವಿರಲಿಲ್ಲ. ಅವನ ಮನೆ ಯಾವುದು, ಅವನಪ್ಪ ಯಾರು ಎಂದು ಊರಿಗೇ ಗೊತ್ತು.

ಹಣ ಕೊಟ್ಟವನ ಕೈಗೆ ಒಂದು ಚೀಟಿ ಬರುತ್ತಿತ್ತು. ನಮ್ಮ ಕಡೆ ಅದಕ್ಕೆ ‘ಪಾವತಿ’ ಎನ್ನುತ್ತಾರೆ. ಮೇಲೆ ಹೇಳಿದ ಹಿರಿಯರ ಮನೆಯ ತಗಡಿನ ಟ್ರಂಕಿನಲ್ಲಿ ಅವರ ಅಜ್ಜ ಜೋಪಾನ ಮಾಡಿದ ಸಂಸ್ಥಾನ ಕಾಲದ ಪಾವತಿಗಳ ಒಂದು ಕಟ್ಟೇ ಇದೆ. ಮೋಡಿ ಅಕ್ಷರ, ಮನೆಯಲ್ಲಿ ಈಗ ಅದನ್ನು ಓದುವವರಿಲ್ಲ. ಆದರೂ ಬಿಸಾಡಿಲ್ಲ. ಕಾಗದದ ಮೂಲೆಯಲ್ಲಿಯ ಶಿಕ್ಕಾ ನೋಡಿದರೆ ಸಾಕು, ಅದು ಸರ್ಕಾರದ್ದೆಂದು ಅವರಿಗೆ ಸಮಾಧಾನ.

ಈ ಮುಖಗಳು ಒಂದೊಂದಾಗಿ ಮರೆಯಾದವು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಗೌಡಕಿ, ಕುಲಕರ್ಣಿಕೆ ಹೋದವು. ಪಗಾರದ ತಲಾಠಿ ಬಂದ. 1979ರಲ್ಲಿ ರಾಜ್ಯದಲ್ಲಿ ಜಕಾತಿ ರದ್ದಾಗಿ ಊರ ಬಾಗಿಲಿನ ನಾಕಾಗಳು ಮುಚ್ಚಿದವು. ಇವೆಲ್ಲ ಆಗಬೇಕಾದ ಸುಧಾರಣೆಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಾದೆಯ ‘ಮುಂದೆ’ ಎಂಬ ಶಬ್ದ ಆಗಿನಿಂದಲೇ ಸವೆಯತೊಡಗಿತು.

ಪರಿಚಯವಿಲ್ಲದ ತೆರಿಗೆ

ಆದಾಯ ತೆರಿಗೆ ಬೇರೆಯೇ ಜಾತಿಯದು. 1857ರ ದಂಗೆಯ ಖರ್ಚಿನಿಂದ ಬರಿದಾದ ಬೊಕ್ಕಸ ತುಂಬಲು ಜೇಮ್ಸ್ ವಿಲ್ಸನ್ ಎಂಬಾತ ಅದನ್ನು 1860ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ತಂದ. ನಮ್ಮ ಹಳ್ಳಿಗಳಿಗೆ ಅದು ಎಂದೂ ಮನೆಯ ಮಾತಾಗಲಿಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಕೃಷ್ಣಾ, ಘಟಪ್ರಭಾ ದಂಡೆಯ ಕಬ್ಬಿನ ರೈತ ಆ ಕಚೇರಿಯ ಮೆಟ್ಟಿಲು ಹತ್ತಿದವನಲ್ಲ. ಕಂದಾಯದವನನ್ನು ಅವನು ಬಲ್ಲ, ಇನ್‌ಕಮ್ ಟ್ಯಾಕ್ಸಿನವನನ್ನು ಸಿನಿಮಾದಲ್ಲಷ್ಟೇ ಕಂಡಿದ್ದಾನೆ. 1972ರಲ್ಲಿ ಆರಂಭವಾದ ಪ್ಯಾನ್ ಸಂಖ್ಯೆ ಮಾತ್ರ ಈಗ ಅವನ ಕಿಸೆಯಲ್ಲೂ ಇದೆ: ಬ್ಯಾಂಕ್ ಖಾತೆಗೆ, ಸಾಲಕ್ಕೆ, ಜಮೀನು ಖರೀದಿಗೆ. ಅದರ ಝೆರಾಕ್ಸ್ ಪ್ರತಿಗಳು ಎಷ್ಟು ಅಂಗಡಿ, ಏಜೆಂಟರ ಬಳಿ ಬಿದ್ದಿವೆಯೋ ಯಾರು ಬಲ್ಲರು. ಹೀಗಿರುವಾಗ ಫೋನಿನವನು ಪ್ಯಾನ್ ಸಂಖ್ಯೆ ಹೇಳಿದನೆಂದರೆ ಅವನು ಅಧಿಕಾರಿ ಎಂದಾಗುವುದಿಲ್ಲ. ಒಂದು ಝೆರಾಕ್ಸ್ ಅವನ ಕೈಗೆ ಸಿಕ್ಕಿದೆ ಎಂದಾಗಬಹುದು, ಅಷ್ಟೆ.

ಅಧಿಕಾರಿಯ ವೇಷ ಹಾಕುವ ಕಲೆಯಲ್ಲಿ 1987ರ ಮಾರ್ಚ್ 19ರಂದು ಮುಂಬೈಯ ಓಪೆರಾ ಹೌಸ್ ಬಳಿಯ ಆಭರಣದಂಗಡಿಯಲ್ಲಿ ನಡೆದದ್ದು ಈಗಲೂ ದಂತಕಥೆ. ಒಬ್ಬಾತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಪಂಚತಾರಾ ಹೋಟೆಲಿನಲ್ಲಿ ಸಂದರ್ಶನ ನಡೆಸಿ, ಸುಮಾರು 26 ಯುವಕರನ್ನು ಸಿ.ಬಿ.ಐ. ಕೆಲಸಕ್ಕೆಂದು ಆರಿಸಿಕೊಂಡ. ಅವರನ್ನೇ ಕರೆದೊಯ್ದು ಅಂಗಡಿಯ ಮೇಲೆ ‘ದಾಳಿ’ ನಡೆಸಿ ಆಭರಣದೊಂದಿಗೆ ಮಾಯವಾದ. ಪಾಪ, ಆ ಯುವಕರು ತಾವು ನಿಜವಾದ ಅಧಿಕಾರಿಗಳೆಂದೇ ನಂಬಿ ಅಲ್ಲೇ ನಿಂತಿದ್ದರು. ಆದರೂ ಆ ಮೋಸಗಾರ ಅಂಗಡಿಗೆ ಬರಬೇಕಾಯಿತು, ಮುಖ ತೋರಿಸಬೇಕಾಯಿತು.

ಫೋನು ಆ ತೊಂದರೆಯನ್ನೂ ತಪ್ಪಿಸಿತು. 2013ರ ಸುಮಾರಿಗೆ ಅಮೆರಿಕದಲ್ಲಿ ಐ.ಆರ್.ಎಸ್. ಎಂಬ ಅಲ್ಲಿಯ ತೆರಿಗೆ ಇಲಾಖೆಯ ಹೆಸರಿನಲ್ಲಿ ಬೆದರಿಕೆಯ ಕರೆಗಳು ಶುರುವಾದವು. ಹೊಸದಾಗಿ ವಲಸೆ ಹೋದವರು ಬೇಗ ಹೆದರುತ್ತಿದ್ದರು. ಗಡೀಪಾರಿನ ಮಾತು ಬಂದರೆ ಯಾರಿಗೆ ತಾನೆ ಎದೆ ನಡುಗದು? 2016ರ ಅಕ್ಟೋಬರಿನಲ್ಲಿ ಠಾಣೆ ಪೊಲೀಸರು ಮೀರಾ ರೋಡಿನ ಕಾಲ್ ಸೆಂಟರುಗಳಿಗೆ ನುಗ್ಗಿ 700ಕ್ಕೂ ಹೆಚ್ಚು ಜನರನ್ನು ವಿಚಾರಣೆಗೆ ಒಳಪಡಿಸಿದಾಗ ಆ ಕರೆಗಳು ಎಲ್ಲಿಂದ ಹೋಗುತ್ತಿದ್ದವೆಂದು ಜಗತ್ತಿಗೆ ತಿಳಿಯಿತು. ಅದೇ ತಿಂಗಳು ಅಮೆರಿಕದ ನ್ಯಾಯ ಇಲಾಖೆ ಅಹಮದಾಬಾದಿನ ಕಾಲ್ ಸೆಂಟರುಗಳೂ ಸೇರಿದಂತೆ ಹಲವರ ಮೇಲೆ ದೋಷಾರೋಪ ಹೊರಿಸಿತು. ಮೋಸ ಹೋದವರು 15,000ಕ್ಕೂ ಹೆಚ್ಚು ಎಂದು ಅದು ಹೇಳಿತು. 2018ರಲ್ಲಿ ಅಲ್ಲಿ ಶಿಕ್ಷೆಯಾದ ಕೆಲವರಿಗೆ 20 ವರ್ಷದವರೆಗೂ ಸೆರೆವಾಸ ಬಿತ್ತು. ಕರೆ ಮಾಡುವ ಹುಡುಗರ ಕೈಯಲ್ಲಿ ಬರೆದ ಸಂಭಾಷಣೆ ಇರುತ್ತಿತ್ತು, ನಾಟಕ ಕಂಪೆನಿಯ ಪ್ರತಿಯ ಹಾಗೆ. ಮೊದಲು ಅಪರಾಧದ ಆರೋಪ, ಆಮೇಲೆ ಗಂಟೆಯ ಗಡುವು, ಆಮೇಲೆ ಯಾರಿಗೂ ಹೇಳಬಾರದೆಂಬ ಕಟ್ಟಪ್ಪಣೆ, ಕೊನೆಗೆ ವಿಚಿತ್ರ ರೀತಿಯ ಪಾವತಿ. ತೆರಿಗೆಯನ್ನು ಅಂಗಡಿಯಲ್ಲಿ ಸಿಗುವ ಗಿಫ್ಟ್ ಕಾರ್ಡಿನಲ್ಲಿ ಕಟ್ಟಬೇಕೆಂದರೂ ಜನ ಕಟ್ಟಿದರು. ಭಯದ ಮುಂದೆ ತರ್ಕ ನಿಲ್ಲುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬನಹಟ್ಟಿಯ ಹಿರಿಯರು ಕೇಳಿಸಿಕೊಂಡದ್ದು ಇದೇ ನಾಟಕದ ಹಿಂದಿ ಅನುವಾದ. ಅದರ ಇನ್ನೊಂದು ರೂಪಕ್ಕೆ ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿದೆ. ಅಲ್ಲಿ ದನಿಯ ಜತೆ ಖಾಕಿ ಬಟ್ಟೆ ತೊಟ್ಟ ಚಿತ್ರವೂ ಬರುತ್ತದೆ. ತೆರಿಗೆ, ಕಸ್ಟಮ್ಸ್, ಸಿ.ಬಿ.ಐ., ಹೀಗೆ ಇಲಾಖೆಯ ಹೆಸರು ಬದಲಾಗುತ್ತದೆ, ಮಾತು ಅದೇ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ ಕಾರ್ಯಕ್ರಮದಲ್ಲಿ ಪ್ರಧಾನಿ ಇಂಥ ಒಂದು ಕರೆಯ ದೃಶ್ಯ ಕೇಳಿಸಿದರು. ಅದನ್ನು ಸಮಾಧಾನದಿಂದ ಚಿತ್ರೀಕರಿಸಿಕೊಂಡಿದ್ದವರು ನಮ್ಮ ನೆರೆಯ ವಿಜಯಪುರದವರು. ಅವರು ಹೆದರಲಿಲ್ಲ. ಎಲ್ಲರಿಗೂ ಆ ಧೈರ್ಯ ಇರುವುದಿಲ್ಲ. 2025ರ ಮಾರ್ಚಿಯಲ್ಲಿ ಖಾನಾಪುರ ತಾಲ್ಲೂಕಿನ ವೃದ್ಧ ದಂಪತಿ ಇಂಥ ಕರೆಗಳಿಗೆ ಸಿಕ್ಕಿ, ಕೂಡಿಟ್ಟಿದ್ದ ಲಕ್ಷಾಂತರ ರೂಪಾಯಿ ಕಳೆದುಕೊಂಡು, ಪ್ರಾಣವನ್ನೇ ಬಿಟ್ಟರು. ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ ಡಿಜಿಟಲ್ ಅರೆಸ್ಟ್ ಮತ್ತು ಅದಕ್ಕೆ ಸಂಬಂಧಿಸಿದ ವಂಚನೆಯಲ್ಲಿ 2022ರಲ್ಲಿ ಹೋದ ಹಣ ಸುಮಾರು 91 ಕೋಟಿ. 2024ರಲ್ಲಿ 1,935 ಕೋಟಿ ರೂಪಾಯಿ. ಫೋನಿನಲ್ಲಿ ಬಂಧಿಸುವ ಅವಕಾಶ ನಮ್ಮ ಯಾವ ಕಾನೂನಿನಲ್ಲೂ ಇಲ್ಲ.

ನಿಜವಾದ ನೋಟೀಸು ಬಂದರೆ?

‘ಇಂಥ ಕರೆ ಬಂದರೆ ಕಟ್ ಮಾಡಿ, ತೆರಿಗೆಯವರು ನಿಮ್ಮನ್ನು ಎಂದೂ ಸಂಪರ್ಕಿಸುವುದಿಲ್ಲ’ ಎಂದು ಹೇಳುವವರಿದ್ದಾರೆ. ನನಗೆ ಈ ಉಪದೇಶ ಅರ್ಧ ಮಾತ್ರ ಒಪ್ಪಿಗೆ. ತೆರಿಗೆಯವರು ಸಂಪರ್ಕಿಸುತ್ತಾರೆ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯು.ಪಿ.ಐ. ವಹಿವಾಟಿನ ಆಧಾರದ ಮೇಲೆ ಬೇಕರಿ, ಚಹಾದಂಗಡಿಯವರಿಗೆಲ್ಲ ನೋಟೀಸು ಕಳಿಸಿದ್ದು ನೆನಪಿರಬಹುದು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದದ್ದು 29 ಲಕ್ಷ ರೂಪಾಯಿಯ ನೋಟೀಸು. ತಾಜಾ ತರಕಾರಿಗೆ ಜಿ.ಎಸ್.ಟಿ. ಇಲ್ಲ, ಆದರೂ! ಅಂಗಡಿಗಳ ಮುಂದಿನ ಕ್ಯೂಆರ್ ಚೀಟಿಗಳು ಮಾಯವಾಗಿ ‘ನಗದು ಮಾತ್ರ’ ಎಂಬ ಫಲಕಗಳು ಬಂದವು. ಗದ್ದಲವಾಗಿ, ಮುಖ್ಯಮಂತ್ರಿ ವರ್ತಕರೊಂದಿಗೆ ಮಾತಾಡಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದರು. ಅದೆಲ್ಲ ನಿಜವಾದ ಕಾಗದ. ನಿಜ ಇಷ್ಟು ಗಾಬರಿ ಹುಟ್ಟಿಸುವಂತಿದ್ದಾಗ ಸುಳ್ಳಿನವನ ಕೆಲಸ ಹಗುರವಾಗುತ್ತದೆ. ಇನ್ನೊಂದು ಸಂಗತಿ: ಬಾಕಿ ತೆರಿಗೆಯ ಕುರಿತು ಜನರನ್ನು ಸಂಪರ್ಕಿಸುವುದಕ್ಕೆಂದೇ ಆದಾಯ ತೆರಿಗೆ ಇಲಾಖೆಯ ಒಂದು ಕೇಂದ್ರ ನಮ್ಮ ಮೈಸೂರಿನಲ್ಲಿದೆ. ಅಲ್ಲಿಂದ ಫೋನು ಬರಲೂಬಹುದು.

ಹಾಗಾದರೆ ಗುರುತಿಸುವುದು ಹೇಗೆ? ಮುದ್ರೆ ನೋಡಿಯೇ. 2019ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಇಲಾಖೆಯ ಪ್ರತಿ ನೋಟೀಸು, ಆದೇಶದ ಮೇಲೆ ‘ಡಿನ್’ ಎಂಬ ದಾಖಲೆ ಸಂಖ್ಯೆ ಇರಬೇಕು. ಅನಿವಾರ್ಯ ಸಂದರ್ಭದಲ್ಲಿ ಅದಿಲ್ಲದೆ ಹೊರಟ ಕಾಗದಕ್ಕೂ ಕಾರಣ ಬರೆಯಬೇಕು. ಆ ಸಂಖ್ಯೆ ನಿಜವೇ ಎಂಬುದನ್ನು ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಜಾಲತಾಣದ ವಿಳಾಸ ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆಯೇ ನೋಡಿಕೊಳ್ಳಿ. ಫೋನಿನವನು ಕಳಿಸಿದ ಲಿಂಕನ್ನು ಮಾತ್ರ ಒತ್ತಬೇಡಿ. ಜಿ.ಎಸ್.ಟಿ. ಕಾಗದಗಳಿಗೂ ಇಂಥದೇ ಸಂಖ್ಯೆ ಮತ್ತು ಪರೀಕ್ಷೆಯ ವ್ಯವಸ್ಥೆ ಇದೆ. ನಿಜವಾದ ತೆರಿಗೆ ಚಲನ್ ಮೂಲಕ ಸರ್ಕಾರದ ಲೆಕ್ಕಕ್ಕೆ ಹೋಗುತ್ತದೆ, ಯಾವನೋ ವ್ಯಕ್ತಿಯ ಖಾತೆಗಲ್ಲ. ನಿಜವಾದ ಅಧಿಕಾರಿ ಒ.ಟಿ.ಪಿ., ಪಿನ್, ಪಾಸ್‌ವರ್ಡ್ ಕೇಳುವುದಿಲ್ಲ. ನಿಮ್ಮ ಲೆಕ್ಕಪತ್ರದವರನ್ನು ಕೇಳಿ ಬರುತ್ತೇನೆಂದರೆ ಬೇಡವೆನ್ನುವುದಿಲ್ಲ. ಮೋಸಗಾರನಿಗೆ ಎಲ್ಲಕ್ಕಿಂತ ದೊಡ್ಡ ವೈರಿ ಆ ಮೂರನೆಯ ಮನುಷ್ಯ.

ಇಲ್ಲೊಂದು ವಿಪರ್ಯಾಸವೂ ಇದೆ. ಅಧಿಕಾರಿ–ಪ್ರಜೆಯ ಮುಖಾಮುಖಿ ಇದ್ದರೆ ಲಂಚಕ್ಕೆ ದಾರಿಯೆಂದು 2020ರಲ್ಲಿ ಸರ್ಕಾರ ಮುಖರಹಿತ ತೆರಿಗೆ ನಿರ್ಧಾರ ಪದ್ಧತಿಯನ್ನು ವ್ಯಾಪಕವಾಗಿ ತಂದಿತು. ಉದ್ದೇಶ ಒಳ್ಳೆಯದು. ಆದರೆ ಪ್ರಾಮಾಣಿಕ ಸುಂಕದವನು ಮುಖ ತೆಗೆದಿಟ್ಟ ಕಾಲಕ್ಕೆ ಸರಿಯಾಗಿ ಮುಖವಿಲ್ಲದ ಕಳ್ಳನೂ ಬಂದ. ಸಂಖ್ಯೆಯನ್ನು ಪರೀಕ್ಷಿಸುವುದನ್ನು ಜನರಿಗೆ ಕನ್ನಡದಲ್ಲಿ, ಊರೂರಿನಲ್ಲಿ ಕಲಿಸುವ ಕೆಲಸ ಆ ವೇಗದಲ್ಲಿ ಆಗಲಿಲ್ಲ. ಹಿಂದೆ ಹೊಸ ಹುಕುಂ ಬಂದರೆ ಹಳ್ಳಿಯಲ್ಲಿ ಡಂಗುರ ಸಾರುತ್ತಿದ್ದರು.

ನಮ್ಮ ಸೀಮೆಗೆ ಇದು ಇನ್ನೂ ತುರ್ತಿನ ಮಾತು. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಲಿರುವ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿ ಪರಿಹಾರವೆಂದು 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಬೀಳಗಿ, ಜಮಖಂಡಿ ಕಡೆಯ ರೈತರ ಖಾತೆಗೆ ಅಂಥ ಮೊತ್ತ ಬಿದ್ದ ಮರುದಿನ ‘ಇಷ್ಟಕ್ಕೆ ತೆರಿಗೆ ಕಟ್ಟಿದ್ದೀರಾ’ ಎಂಬ ದನಿ ಕೇಳಿದರೆ ಆಶ್ಚರ್ಯಪಡಬೇಕಿಲ್ಲ. 2013ರ ಭೂಸ್ವಾಧೀನ ಕಾಯಿದೆಯಡಿ ಸಿಗುವ ಪರಿಹಾರಕ್ಕೆ ಸಾಮಾನ್ಯವಾಗಿ ಆದಾಯ ತೆರಿಗೆ ಇಲ್ಲವೆಂದು ಆ ಕಾಯಿದೆಯೇ ಹೇಳುತ್ತದೆ. ಈ ಒಂದು ವಾಕ್ಯವನ್ನು ಪರಿಹಾರದ ಪತ್ರದ ಕೆಳಗೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದರೆ ಎಷ್ಟೋ ಮನೆ ಉಳಿದಾವು.

ಹಣ ಹೋಗಿಯೇಬಿಟ್ಟಿದ್ದರೆ ತಕ್ಷಣ 1930ಕ್ಕೆ ಫೋನು ಮಾಡಬೇಕು. 2021ರಲ್ಲಿ ಆರಂಭವಾದ ಈ ಸಹಾಯವಾಣಿಯ ಕೆಲಸ ಸರಳ: ಹಣ ಕಳ್ಳನ ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಜಿಗಿಯುವ ಮೊದಲು ಬ್ಯಾಂಕಿನಲ್ಲೇ ತಡೆಹಿಡಿಸುವುದು. ಮೊದಲ ಕೆಲವು ಗಂಟೆಗಳು ಅಮೂಲ್ಯ. ನಾಚಿಕೆಯಿಂದ ಮುಚ್ಚಿಟ್ಟ ಪ್ರತಿ ತಾಸೂ ಕಳ್ಳನಿಗೆ ಲಾಭ.

ಬನಹಟ್ಟಿಯ ಹಿರಿಯರಿಗೆ ಮೂರನೆಯ ದಿನ ಮತ್ತೆ ಕರೆ ಬಂತು. ಉಳಿದ ಬಾಕಿ ಕಟ್ಟಿರೆಂದು ಅದೇ ದನಿ. ಅಷ್ಟರಲ್ಲಿ ಅವರ ಮನಸ್ಸಿನಲ್ಲಿ ಒಂದು ಕಿರಿಕಿರಿ ಶುರುವಾಗಿತ್ತು: 40 ಸಾವಿರ ಕೊಟ್ಟದ್ದಕ್ಕೆ ಕೈಯಲ್ಲಿ ಏನೂ ಇಲ್ಲವಲ್ಲ. ತಮ್ಮ ಮುರುಕು ಹಿಂದಿಯಲ್ಲಿ ಕೇಳಿದ್ದನ್ನು ಅವರು ನನಗೆ ಹೇಳಿದ್ದು ಹೀಗೆ: ‘‘ಸಾಹೇಬ್ರ, ಮೊದ್ಲ ಕೊಟ್ಟಿದ್ದಕ್ಕ ಪಾವತಿ ಕೊಡ್ರಿ ಅಂದ್ನಿ. ವಾಟ್ಸಾಪಿನ್ಯಾಗ ಕಳಸ್ತೀನಿ ಅಂದ. ವಾಟ್ಸಾಪಿನ್ಯಾಗ ಬ್ಯಾಡ್ರಿ, ನಿಮ್ಮ ಕಚೇರಿ ಎಲ್ಲೈತಿ ಹೇಳ್ರಿ, ನಾನ ಬಂದು ಶಿಕ್ಕಾ ಹೊಡಿಸ್ಕೊಂಡು ಒಯ್ತೀನಿ ಅಂದ್ನಿ. ಫೋನ್ ಇಟ್ಟಬಿಟ್ಟ.’’

ಆಗಲೇ ಅವರು ಮಗನನ್ನು ಮಗ್ಗದಿಂದ ಎಬ್ಬಿಸಿ ವಿಷಯ ಹೇಳಿದ್ದು. ಮಗ 1930ಕ್ಕೆ ಫೋನು ಹಚ್ಚಿದ, ಠಾಣೆಗೂ ಹೋದ. ಎರಡು ದಿನ ತಡವಾಗಿತ್ತು. 40 ಸಾವಿರದಲ್ಲಿ 6 ಸಾವಿರ ಮಾತ್ರ ಬ್ಯಾಂಕಿನಲ್ಲಿ ನಿಂತಿತ್ತು. ಅದು ವಾಪಸು ಬಂದಾಗ ಬ್ಯಾಂಕಿನವರು ಕೊಟ್ಟ ಕಾಗದಕ್ಕೆ ಶಿಕ್ಕಾ ಹಾಕಿಸಿಕೊಂಡೇ ಹಿರಿಯರು ಮನೆಗೆ ಬಂದರು. ಅದು ಈಗ ತಗಡಿನ ಟ್ರಂಕಿನಲ್ಲಿ, ಅಜ್ಜನ ಮೋಡಿ ಪಾವತಿಗಳ ಕಟ್ಟಿನ ಮೇಲೆ ಇದೆ.